ಸಮುದ್ರಕ್ಕೆ ಹದ್ದುಬಸ್ತು ಮಾಡಿದವರು ಯಾರು?

ಕಲಘಟಗಿ ಕಡೆ ಬಿದ್ದ ಮಳೆ ಬೇಡ್ತಿ ಹಳ್ಳಕ್ಕೆ ಹರಿಯುತ್ತದೆ. ಬೇಡ್ತಿ ಮಾಗೋಡದಲ್ಲಿ ಧುಮುಕಿ, ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರು ಪಡೆದು ಅಂಕೋಲಾ-ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಕುಂದಗೋಳ, ನವಲಗುಂದ ಕಡೆ ಬಿದ್ದ ಮಳೆಯ ದಾರಿ ಬೇರೆ. ಅದು ಬೆಣ್ಣಿಹಳ್ಳ ಸೇರಿ, ಮಲಪ್ರಭೆಗೆ ಬಿದ್ದು, ಕೃಷ್ಣೆಯ ಜೊತೆ ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಒಂದೇ ಜಿಲ್ಲೆಯ ಮಳೆ ಎರಡು ಸಮುದ್ರದ ಪಾಲು.

ಆ ಎರಡೂ ಸಮುದ್ರದಲ್ಲಿ ಇವತ್ತು ಮೀನಿನ ಜಗಳ ನಡೆದಿದೆ. ಪೂರ್ವದ ಕಡೆ ತಮಿಳುನಾಡಿನ ಬೋಟ್‌ಗಳನ್ನು ಶ್ರೀಲಂಕಾ ನೌಕಾಪಡೆ ಹಿಡಿಯುತ್ತದೆ. ಪಶ್ಚಿಮದ ಕಡೆ ಗುಜರಾತಿನ ಬೋಟ್‌ಗಳನ್ನು ಪಾಕಿಸ್ತಾನ ಹಿಡಿಯುತ್ತದೆ, ನಮ್ಮ ಮಲ್ಪೆಯ ಬೋಟ್‌ಗಳನ್ನು ಗೋವಾ ಹಿಡಿಯುತ್ತದೆ. ‘ಸಮುದ್ರದ ಜಗಳ ನಮಗ್ಯಾಕ್ರೀ, ನಮ್ಮೂರಾಗ ಕುಡಿಯಾಕ ನೀರಿಲ್ಲ’ ಅಂತ ನವಲಗುಂದದವರು ಕೇಳಬಹುದು. ಕುಡಿಯೋ ನೀರಿನ ವಿಷಯದಲ್ಲಿ ನಮಗೂ ಗೋವಾಕ್ಕೂ ಇರುವ ತಕರಾರು ಈ ಕಥೆಯೊಳಗೇ ಇದೆ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಿನದನ್ನು ನೋಡೋಣ.

ಹೊಲದ ಒಡ್ಡಿನ ಜಗಳ ನಮಗೆಲ್ಲ ಗೊತ್ತು. ಎರಡು ಗೇಣು ಒಡ್ಡು ಸರಿಸಿದ್ದಕ್ಕೆ ಅಣ್ಣ-ತಮ್ಮಂದಿರು ಮಾತು ಬಿಟ್ಟ ಮನೆ ಪ್ರತಿ ಊರಲ್ಲೂ ಒಂದಿದೆ. ಆದರೂ ಅಲ್ಲಿ ಒಂದು ದಾರಿ ಇದೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ವೆಯವರು ನಕಾಶೆ ಹಿಡಿದು ಬರುತ್ತಾರೆ, ಅಳೆಯುತ್ತಾರೆ, ಕಲ್ಲು ನೆಡುತ್ತಾರೆ. ಸಮುದ್ರದಲ್ಲಿ ಕಲ್ಲು ನೆಡುವುದೆಲ್ಲಿ? ಅಲ್ಲಿ ಗಡಿ ಎಂದರೆ ಕಾಗದದ ಮೇಲಿನ ಅಕ್ಷಾಂಶ-ರೇಖಾಂಶದ ಅಂಕಿ. ದೋಣಿಯಲ್ಲಿ ಕೂತವನಿಗೆ ಆಚೆಯ ನೀರೂ ಒಂದೇ, ಈಚೆಯ ನೀರೂ ಒಂದೇ.

ಬಹಳ ಕಾಲ ಸಮುದ್ರಕ್ಕೆ ಇಂಥ ಗಡಿ ಇರಲಿಲ್ಲ. ದಡದ ಊರಿನವರು ತಮ್ಮ ಊರಿನ ಎದುರಿನ ನೀರಿನಲ್ಲಿ ಬಲೆ ಬಿಡುತ್ತಿದ್ದರು. ಯಾರ ಬಲೆ ಯಾವಾಗ ಬೀಳಬೇಕು ಎಂಬ ಕಟ್ಟಳೆ ಊರೊಳಗೇ ಇರುತ್ತಿತ್ತು. ನಮ್ಮ ಕರಾವಳಿಯ ಸಮುದ್ರಕ್ಕೆ ‘ಇದು ನಮ್ಮದು, ಇಲ್ಲಿ ಓಡಾಡಲು ನಮ್ಮ ಚೀಟಿ ಬೇಕು’ ಎಂದು ದೊಡ್ಡ ಪ್ರಮಾಣದಲ್ಲಿ ಹೇಳಿದವರು ಪೋರ್ಚುಗೀಸರು. 16ನೇ ಶತಮಾನದಲ್ಲಿ ಅವರು ‘ಕಾರ್ತಾಝ್’ ಎಂಬ ರಹದಾರಿ ಚೀಟಿ ತಂದರು. ಈ ಚೀಟಿ ಇಲ್ಲದ ವ್ಯಾಪಾರಿ ಹಡಗನ್ನು ಹಿಡಿದು ಸರಕು ಕಸಿದುಕೊಳ್ಳುತ್ತಿದ್ದರು. ಸಮುದ್ರದ ಮೇಲೆ ಟೋಲ್‌ನಾಕಾ ಇಟ್ಟ ಹಾಗೆ. ಆಮೇಲೆ ಯುರೋಪಿನಲ್ಲೇ ಇದಕ್ಕೆ ವಿರೋಧ ಎದ್ದಿತು. ಡಚ್ ಪಂಡಿತ ಹ್ಯೂಗೋ ಗ್ರೋಶಿಯಸ್ 1609ರಲ್ಲಿ ಸಮುದ್ರ ಯಾರ ಸ್ವತ್ತೂ ಅಲ್ಲ ಎಂದು ಪುಸ್ತಕ ಬರೆದ. ಡಚ್ಚರಿಗೂ ಇಲ್ಲಿ ವ್ಯಾಪಾರ ಬೇಕಿತ್ತು, ಆ ಮಾತು ಬೇರೆ. ಕೊನೆಗೆ ಹೆಚ್ಚಿನ ದೇಶಗಳು ಒಪ್ಪಿಕೊಂಡ ಲೆಕ್ಕ ಇದು: ದಡದಿಂದ ಮೂರು ನಾವಿಕ ಮೈಲಿ ಆ ದೇಶದ್ದು, ಅದರಾಚೆ ಎಲ್ಲರದ್ದು. ದಡದ ಮೇಲಿನ ತೋಪಿನ ಗುಂಡು ಎಷ್ಟು ದೂರ ಹೋಗುತ್ತದೋ ಅಷ್ಟು ನಮ್ಮದು ಎಂಬ ಹಳೆಯ ಲೆಕ್ಕಕ್ಕೆ ಇದನ್ನು ಜೋಡಿಸಿ ಹೇಳುತ್ತಾರೆ. ಒಂದು ನಾವಿಕ ಮೈಲಿ ಎಂದರೆ 1.852 ಕಿ.ಮೀ.

ನಮ್ಮ ಕರ್ನಾಟಕದ ಎದುರಿಗೇ ಎರಡು ದೇಶಗಳ ಸಮುದ್ರಗಡಿ ಇತ್ತು ಎಂಬುದು ಈಗ ಅನೇಕರಿಗೆ ಮರೆತುಹೋಗಿದೆ. 1961ರವರೆಗೆ ಗೋವಾ ಪೋರ್ಚುಗಲ್ ದೇಶದ ವಶದಲ್ಲಿತ್ತು. ಕಾರವಾರ ನಮ್ಮ ಧಾರವಾಡದ ಹಾಗೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. ಕಾರವಾರ ದಾಟಿ ಮಾಜಾಳಿ, ಮಾಜಾಳಿ ದಾಟಿದರೆ ಪೋಳೆಂ, ಅಲ್ಲಿಂದ ಪರದೇಶ. ಎರಡೂ ಕಡೆ ಕೊಂಕಣಿ ಮಾತಾಡುವ ಮೀನುಗಾರರೇ ಇದ್ದರು. ಅದೇ ಬಂಗಡೆ, ಅದೇ ತಾರ್ಲೆ, ಅದೇ ಬಲೆ.

ಕಾರವಾರದ ದಕ್ಷಿಣಕ್ಕೆ, ಬಿಣಗಾ ಊರಿನ ಎದುರು, ದಡಕ್ಕೆ ಹತ್ತಿರದಲ್ಲೇ ಅಂಜುದೀವ್ ಎಂಬ ನಡುಗಡ್ಡೆ ಇದೆ. ಕಣ್ಣೆದುರಿಗೆ ಕಾರವಾರದ ದಡ, ಆದರೆ ನಡುಗಡ್ಡೆ ಗೋವಾದ್ದು. 1498ರಲ್ಲಿ ವಾಸ್ಕೋ ಡ ಗಾಮ ಮರಳಿ ಹೋಗುವಾಗ ಇಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು, ಬಿಟ್ಟು ಹೋದರು, 1682ರಲ್ಲಿ ಮತ್ತೆ ಬಂದು ಗಟ್ಟಿಯಾಗಿ ಕೂತರು. ನಡುವೆ ಮುಂಬಯಿಯನ್ನು ಪಡೆಯಲು ಬಂದ ಇಂಗ್ಲಿಷ್ ಸೈನಿಕರು ಇಲ್ಲೇ ಕಾದು ಕೂತು ರೋಗಕ್ಕೆ ನೂರಾರು ಮಂದಿ ಸತ್ತಿದ್ದರು. ಅಷ್ಟು ಚಿಕ್ಕ ಜಾಗಕ್ಕೆ ಅಷ್ಟು ದೊಡ್ಡ ಇತಿಹಾಸ.

1961ರ ನವೆಂಬರ್ 17ರಂದು ಅಂಜುದೀವ್ ಹತ್ತಿರ ಹೋಗುತ್ತಿದ್ದ ‘ಸಾಬರಮತಿ’ ಎಂಬ ಭಾರತದ ಹಡಗಿನ ಮೇಲೆ ಪೋರ್ಚುಗೀಸ್ ಸೈನಿಕರು ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಮೀನುಗಾರಿಕೆ ದೋಣಿಯ ಮೇಲೂ ಗುಂಡು ಬಿತ್ತು. ಒಬ್ಬ ಮೀನುಗಾರ ಸತ್ತ. ದೇಶದಲ್ಲೆಲ್ಲ ಸಿಟ್ಟು ಎದ್ದಿತು. ಗೋವಾ ವಿಮೋಚನೆಗೆ ಹತ್ತಾರು ಕಾರಣಗಳಿದ್ದವು, ವರ್ಷಗಟ್ಟಲೆಯ ಹೋರಾಟ ಇತ್ತು, 1955ರ ಸತ್ಯಾಗ್ರಹಿಗಳ ರಕ್ತ ಇತ್ತು. ಆದರೂ ಸೈನ್ಯ ಹೊರಡುವ ಕೊನೆಯ ತಿಂಗಳಲ್ಲಿ ಪತ್ರಿಕೆಗಳ ಬಾಯಲ್ಲಿದ್ದದ್ದು ಅಂಜುದೀವ್ ಗುಂಡಿನ ಸುದ್ದಿ. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯ ‘ತ್ರಿಶೂಲ್’ ಮತ್ತು ‘ಮೈಸೂರು’ ಹಡಗುಗಳು ಅಲ್ಲಿಗೆ ಬಂದವು. ನಡುಗಡ್ಡೆ ಹತ್ತಿದ ನಾವಿಕರ ಮೇಲೆ ಗುಂಡಿನ ಮಳೆಯಾಯಿತು. ಏಳು ಜನ ನಮ್ಮವರು ಸತ್ತರು. ನಡುಗಡ್ಡೆ ನಮ್ಮ ಕೈಗೆ ಬಂತು. ಮಾರನೆಯ ದಿನ ಗೋವಾ ಭಾರತಕ್ಕೆ ಸೇರಿತು.

ಇನ್ನು ಗಡಿ ಹೋಯಿತು, ಜಗಳ ಮುಗಿಯಿತು ಎಂದು ಕಾರವಾರದ ಮೀನುಗಾರ ಅಂದುಕೊಂಡಿದ್ದರೆ ತಪ್ಪೇನಿಲ್ಲ. ಆದರೆ ಆ ಹೊತ್ತಿಗೆ ಸಮುದ್ರಕ್ಕೆ ಎಂಜಿನ್ ಇಳಿದಿತ್ತು.

ಮೀನಿನ ಜಗಳದ ಇತಿಹಾಸ ಓದುವವರು ಸಾಮಾನ್ಯವಾಗಿ ಒಪ್ಪಂದ, ನಡುಗಡ್ಡೆ, ನೌಕಾಪಡೆ ಇವುಗಳಲ್ಲೇ ಸಿಕ್ಕಿಕೊಳ್ಳುತ್ತಾರೆ. ನಮ್ಮ ಪ್ರಕಾರ ಬೇರು ಬೇರೆ ಕಡೆ ಇದೆ, ಬಲೆಯಲ್ಲಿ. 1953ರಲ್ಲಿ ಕೇರಳದ ಕೊಲ್ಲಂ ಹತ್ತಿರ ನೀಂಡಕರದಲ್ಲಿ ನಾರ್ವೆ ದೇಶದ ಸಹಾಯದಿಂದ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಯಿತು. ಉದ್ದೇಶ ಒಳ್ಳೆಯದೇ ಇತ್ತು. ಮೀನುಗಾರರಿಗೆ ಎಂಜಿನ್ ದೋಣಿ, ಐಸ್ ಕಾರ್ಖಾನೆ, ಆರೋಗ್ಯ ಕೇಂದ್ರ ಕೊಡುವುದು. ಆದರೆ ಸಿಗಡಿಗೆ ಅಮೆರಿಕ, ಜಪಾನಿನಲ್ಲಿ ಬೆಲೆ ಇದೆ ಎಂದು ಗೊತ್ತಾದ ಮೇಲೆ ಎಲ್ಲ ಲಕ್ಷ್ಯ ಅದರ ಕಡೆ ಹೊರಳಿತು. ಸಿಗಡಿ ತಳದಲ್ಲಿ ಇರುತ್ತದೆ, ಅದನ್ನು ಹಿಡಿಯಲು ಟ್ರಾಲ್ ಬಲೆ ಬೇಕು. 1960ರ ದಶಕದಲ್ಲಿ ಇದೇ ಯೋಜನೆ ನಮ್ಮ ಕಾರವಾರಕ್ಕೂ ಬಂತು, ತಮಿಳುನಾಡಿನ ಮಂಡಪಂಗೂ ಹೋಯಿತು. ಮಂಡಪಂ ಇರುವುದು ರಾಮೇಶ್ವರದ ಪಕ್ಕ. ಈ ಎರಡು ಊರಿನ ಹೆಸರು ನೆನಪಿಡಿ.

ಟ್ರಾಲ್ ಬಲೆ ಎಂದರೆ ದೊಡ್ಡ ಚೀಲದಂಥ ಬಲೆ. ಬೋಟ್ ಅದನ್ನು ಸಮುದ್ರದ ತಳಕ್ಕೆ ಬಿಟ್ಟು ಎಳೆಯುತ್ತಾ ಹೋಗುತ್ತದೆ. ಬೇಕಾದ ಸಿಗಡಿಯ ಜೊತೆ ಬೇಡದ ಮರಿಮೀನು, ತತ್ತಿ, ತಳದ ಹುಳ-ಹುಪ್ಪಟೆ ಎಲ್ಲ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಮೊಳಕೆ ಬಂದ ಹೊಲದಾಗ ಕುಂಟೆ ಹೊಡೆದ ಹಾಗೆ. ಒಂದು ಸಲ ಹೊಡೆದರೆ ಭೂಮಿ ಚೇತರಿಸಿಕೊಂಡೀತು. ದಿನಾ ಹೊಡೆದರೆ?

ಕರಾವಳಿಯಲ್ಲಿ ಅದಕ್ಕೂ ಮುಂಚೆ ರಂಪಣಿ ಬಲೆ ಇತ್ತು. ದಡದಿಂದ ಬಹು ಉದ್ದದ ಬಲೆ ಬಿಟ್ಟು, ಬಂಗಡೆಯ ಹಿಂಡನ್ನು ಸುತ್ತುವರಿದು, ಹತ್ತಾರು ಜನ ಎರಡು ಬದಿಯ ಹಗ್ಗ ಹಿಡಿದು ದಡಕ್ಕೆ ಎಳೆಯುತ್ತಿದ್ದರು. ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಬಲೆಯವನಿಗೊಂದು ಪಾಲು, ದೋಣಿಗೊಂದು ಪಾಲು, ಎಳೆದವರಿಗೆಲ್ಲ ಪಾಲು. ಸುಗ್ಗಿಯ ಕಣದಲ್ಲಿ ಆಯಗಾರರಿಗೆ ಕಾಳು ಅಳೆದು ಕೊಟ್ಟ ಹಾಗೆಯೇ. 1970ರ ದಶಕದ ನಡುವಿನಲ್ಲಿ ಕರ್ನಾಟಕಕ್ಕೆ ಪರ್ಸೀನ್ ಬೋಟ್‌ಗಳು ಬಂದವು. ಬಂಗಡೆ ಹಿಂಡು ದಡಕ್ಕೆ ಬರುವ ಮೊದಲೇ ಅವು ಹೋಗಿ ಸುತ್ತಿಬಿಡುತ್ತಿದ್ದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು. ಪಾಲಿನವರು ಕೂಲಿಯವರಾದರು.

ಗೋವಾದಲ್ಲಿ ಇದೇ ಹೊತ್ತಿಗೆ ರಾಂಪಣಕಾರರು, ಎಂದರೆ ಅಲ್ಲಿನ ರಂಪಣಿ ಮೀನುಗಾರರು, ಬೀದಿಗಿಳಿದರು. ಅವರ ಮುಂದಾಳು ಮಾತಾನಿ ಸಲ್ಡಾನಾ ಎಂಬ ಶಿಕ್ಷಕರು. ಮುಂದೆ ಅವರು ಗೋವಾದ ಮಂತ್ರಿಯೂ ಆದರು. ದಡದ ಹತ್ತಿರದ ನೀರನ್ನು ಸಣ್ಣ ದೋಣಿಗಳಿಗೆ ಬಿಡಿ, ಟ್ರಾಲರ್‌ಗಳನ್ನು ಆಚೆ ಕಳಿಸಿ ಎಂಬುದು ಬೇಡಿಕೆ. ಇದರ ಬಿಸಿಗೆ ರಾಜ್ಯ ರಾಜ್ಯಗಳು ಸಮುದ್ರ ಮೀನುಗಾರಿಕೆ ಕಾಯ್ದೆ ತಂದವು. ಗೋವಾ, ಕೇರಳ 1980ರಲ್ಲಿ, ಮಹಾರಾಷ್ಟ್ರ 1981ರಲ್ಲಿ, ತಮಿಳುನಾಡು 1983ರಲ್ಲಿ, ಕರ್ನಾಟಕ 1986ರಲ್ಲಿ.

ಸಣ್ಣ ಮೀನುಗಾರನನ್ನು ಉಳಿಸಲು ತಂದ ಕಾಯ್ದೆಗಳಿಂದಲೇ ಹೊಸ ಗಡಿಗೆ ಬಲ ಬಂತು. ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯದ ವಿಷಯ, ಆದರೆ ದೇಶದ ಜಲಗಡಿಯೊಳಗೆ ಮಾತ್ರ. ಜಲಗಡಿಯಾಚೆಯದು ಕೇಂದ್ರದ್ದು. ಈ ಜಲಗಡಿಯನ್ನು ಭಾರತ 1956ರಲ್ಲಿ 6 ನಾವಿಕ ಮೈಲಿ ಎಂದಿತು, 1967ರಲ್ಲಿ 12ಕ್ಕೆ ಏರಿಸಿತು. ಅಂದರೆ ದಡದಿಂದ ಸುಮಾರು 22 ಕಿ.ಮೀ. ಅಷ್ಟರೊಳಗೆ ಗೋವಾದ ಎದುರು ಗೋವಾದ ಕಾಯ್ದೆ, ಕಾರವಾರದ ಎದುರು ನಮ್ಮ ಕಾಯ್ದೆ. ಪೋರ್ಚುಗೀಸರ ಜೊತೆ ಹೋದ ಗೆರೆ ಬೇರೆ ಹೆಸರಲ್ಲಿ ವಾಪಸ್ ಬಂತು. ಕಾರವಾರದಿಂದ ಉತ್ತರಕ್ಕೆ ತಿರುಗಿದ ದೋಣಿ ಸ್ವಲ್ಪ ಹೊತ್ತಿನಲ್ಲೇ ಆ ಗೆರೆ ದಾಟಿರುತ್ತದೆ.

ಇನ್ನು ಮಂಡಪಂ ಕಡೆ ಹೋಗೋಣ. ಕಚ್ಚತೀವು ಎಂಬ ಹೆಸರು 2024ರ ಲೋಕಸಭಾ ಚುನಾವಣೆ ಹೊತ್ತಿಗೆ ನಮ್ಮೂರಿನ ಚಹಾದಂಗಡಿಗೂ ಬಂದಿತ್ತು. ವಾಟ್ಸಾಪಿನಲ್ಲಿ ತಿರುಗಾಡಿತ್ತು. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬ ವಾದ. ಅದು ರಾಮೇಶ್ವರ ಮತ್ತು ಶ್ರೀಲಂಕಾದ ಜಾಫ್ನಾ ನಡುವೆ, ಪಾಕ್ ಜಲಸಂಧಿಯಲ್ಲಿರುವ 285 ಎಕರೆಯ ನಡುಗಡ್ಡೆ. ಕುಡಿಯಲು ನೀರಿಲ್ಲ, ಜನವಸತಿ ಇಲ್ಲ. ಇರುವುದು ಸಂತ ಅಂತೋನಿಯ ಒಂದು ಇಗರ್ಜಿ. 1974ರ ಜೂನ್‌ನಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಲ್ಲಿ ಗಡಿರೇಖೆ ಎಳೆದಾಗ ಅದು ಶ್ರೀಲಂಕಾದ ಬದಿಗೆ ಬಿತ್ತು. ನಮ್ಮ ಮೀನುಗಾರರು, ಯಾತ್ರಿಕರು ವೀಸಾ ಇಲ್ಲದೆ ಅಲ್ಲಿಗೆ ಹೋಗಬಹುದು ಎಂದು ಒಪ್ಪಂದ ಹೇಳಿತು. ‘ಹೋಗಬಹುದು’ ಎಂದರೆ ಮೀನು ಹಿಡಿಯಲೂಬಹುದು ಎಂದು ತಮಿಳುನಾಡಿನವರು ಓದಿದರು. ಬಲೆ ಒಣಗಿಸಿ ಸುಧಾರಿಸಿಕೊಳ್ಳಬಹುದು ಅಷ್ಟೇ ಎಂದು ಶ್ರೀಲಂಕಾ ಓದಿತು. 1976ರ ಮಾರ್ಚ್‌ನಲ್ಲಿ ಎರಡನೆಯ ಒಪ್ಪಂದವಾಗಿ, ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯಬಾರದು ಎಂದು ಪತ್ರ ವಿನಿಮಯವಾಯಿತು. ಆ ಸಲ ಕನ್ಯಾಕುಮಾರಿ ಎದುರಿನ ವಾಡ್ಜ್ ಬ್ಯಾಂಕ್ ಎಂಬ ಸಮೃದ್ಧ ಮೀನಿನ ಜಾಗ ಭಾರತದ ಪಾಲಿಗೆ ಬಂತು. ಅಲ್ಲಿ ಹಿಡಿಯುತ್ತಿದ್ದ ಶ್ರೀಲಂಕಾದ ಹಡಗುಗಳಿಗೆ ಮೂರು ವರ್ಷದ ಗಡುವು ಕೊಟ್ಟು ಕಳಿಸಲಾಯಿತು. ವಾಟ್ಸಾಪಿನಲ್ಲಿ ಈ ಭಾಗ ಬಂದದ್ದನ್ನು ನಾವು ನೋಡಲಿಲ್ಲ.

1983ರಲ್ಲಿ ಶ್ರೀಲಂಕಾದಲ್ಲಿ ಯುದ್ಧ ಶುರುವಾಯಿತು. ಉತ್ತರದ ತಮಿಳು ಮೀನುಗಾರರಿಗೆ ಸಮುದ್ರಕ್ಕಿಳಿಯಲು ನಿರ್ಬಂಧ, ಕೆಲವು ಕಡೆ ಪೂರ್ತಿ ಬಂದ್. ಅದೇ ಹೊತ್ತಿಗೆ ಈಚೆ ದಡದಲ್ಲಿ ಟ್ರಾಲರ್‌ಗಳು ಬೆಳೆದವು. ತಮ್ಮ ಕಡೆಯ ತಳ ಕೆರೆದು ಬರಿದಾದ ಮೇಲೆ ಅವು ಖಾಲಿ ಬಿದ್ದ ಆಚೆ ನೀರಿಗೆ ಹೋದವು. ಶ್ರೀಲಂಕಾ ನೌಕಾಪಡೆಯ ಗುಂಡಿಗೆ ತಮಿಳುನಾಡಿನ ಎಷ್ಟೋ ಮೀನುಗಾರರು ಸತ್ತರು. ಆದರೂ ಹೋಗುವುದು ನಿಲ್ಲಲಿಲ್ಲ, ಏಕೆಂದರೆ ಸಾಲ ಮಾಡಿ ತಂದ ಬೋಟ್, ಡೀಸೆಲ್ ಖರ್ಚು ಹುಟ್ಟಬೇಕು. 2009ರಲ್ಲಿ ಯುದ್ಧ ಮುಗಿದು ಜಾಫ್ನಾ, ಮನ್ನಾರ್ ಕಡೆಯ ಮೀನುಗಾರ ತನ್ನ ಸಣ್ಣ ದೋಣಿಯೊಂದಿಗೆ ಸಮುದ್ರಕ್ಕೆ ಮರಳಿದಾಗ ಕಂಡದ್ದು ಆಚೆ ದಡದ ಟ್ರಾಲರ್‌ಗಳ ಸಾಲು. ಅವನು ರಾತ್ರಿ ಬಿಟ್ಟ ಬಲೆಯನ್ನು ಟ್ರಾಲರ್ ಹರಿದುಕೊಂಡು ಹೋಗುತ್ತಿತ್ತು. ಬಲೆ ಹರಿದವನೂ ತಮಿಳ, ಕಳೆದುಕೊಂಡವನೂ ತಮಿಳ.

2017ರಲ್ಲಿ ಶ್ರೀಲಂಕಾ ತಳ ಕೆರೆಯುವ ಟ್ರಾಲಿಂಗನ್ನು ಕಾನೂನಿನಿಂದ ನಿಷೇಧಿಸಿತು. ಮರುವರ್ಷ ಪರದೇಶಿ ಬೋಟ್‌ಗಳಿಗೆ ದಂಡ ಭಾರಿಯಾಗಿ ಏರಿಸಿತು. ಭಾರತ ಕೂಡ 2017ರಲ್ಲಿ ಪಾಕ್ ಕೊಲ್ಲಿಯ 2,000 ಟ್ರಾಲರ್‌ಗಳನ್ನು ಬಿಡಿಸಿ, ಆಳಸಮುದ್ರದಲ್ಲಿ ಗಾಳ ಹಾಕುವ ಬೋಟ್ ಕೊಡಿಸುವ ಯೋಜನೆ ತಂದಿತು. ಸೇರಿದವರು ಕಡಿಮೆ. ಆಳಸಮುದ್ರಕ್ಕೆ ಹೋದರೆ ವಾರಗಟ್ಟಲೆ ಮನೆ ಬಿಡಬೇಕು. ಪಾಕ್ ಕೊಲ್ಲಿಯಾದರೆ ಸಂಜೆ ಹೋಗಿ ಬೆಳಗಾಗುವುದರೊಳಗೆ ಮನೆಗೆ ಬರಬಹುದು. ಯೋಜನೆ ಬರೆದವರು ಇದನ್ನು ಮೊದಲೇ ಕೇಳಿ ತಿಳಿಯಬಹುದಿತ್ತು.

ಕಚ್ಚತೀವು ನಾಳೆ ವಾಪಸ್ ಬಂದರೂ ಈ ಜಗಳ ಮುಗಿಯುವುದಿಲ್ಲ ಎಂದು ನಾವು ಯಾಕೆ ಹೇಳುತ್ತೇವೆಂದರೆ, ಬೋಟ್‌ಗಳು ಹೋಗುತ್ತಿರುವುದು ಕಚ್ಚತೀವಿಗಿಂತ ಎಷ್ಟೋ ಮುಂದೆ, ಜಾಫ್ನಾ ದಡದ ಹತ್ತಿರಕ್ಕೆ. ರಾಮನಾಥಪುರಂ ಜಿಲ್ಲೆಯಲ್ಲೇ ಟ್ರಾಲರ್‌ಗೆ ವಾರದಲ್ಲಿ ಮೂರು ದಿನ, ನಾಡದೋಣಿಗೆ ನಾಲ್ಕು ದಿನ ಎಂಬ ಪಾಳಿ ಇದೆ. ಅಂದರೆ ಟ್ರಾಲರ್‌ಗೂ ಸಣ್ಣ ದೋಣಿಗೂ ಒಂದೇ ದಿನ ಒಂದೇ ನೀರು ಆಗಿಬರುವುದಿಲ್ಲ ಎಂದು ಗೆರೆಯ ಈಚೆಯವರಿಗೇ ಗೊತ್ತಿದೆ.

ಮೀನಿಗಾಗಿ ಜಗಳವಾಡುವವರು ಬಡ ದೇಶದವರು ಮಾತ್ರ ಎಂದುಕೊಳ್ಳಬೇಡಿ. ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶ ಕಾಡ್ ಎಂಬ ಮೀನಿಗಾಗಿ ಬ್ರಿಟನ್ ಜೊತೆ ಮೂರು ಸಲ ಸೆಣಸಿತು. 1958ರಲ್ಲಿ ತನ್ನ ಮೀನಿನ ಗಡಿ 12 ಮೈಲಿ ಎಂದಿತು, 1972ರಲ್ಲಿ 50, 1975ರಲ್ಲಿ 200. ಬ್ರಿಟನ್ ಯುದ್ಧನೌಕೆ ಕಳಿಸಿತು. ಐಸ್‌ಲ್ಯಾಂಡಿನ ಕಾವಲು ದೋಣಿಗಳು ಕೊಕ್ಕೆಯಂಥ ಸಲಕರಣೆಯಿಂದ ಬ್ರಿಟಿಷ್ ಟ್ರಾಲರ್‌ಗಳ ಬಲೆಯ ಹಗ್ಗವನ್ನೇ ಕತ್ತರಿಸಿಬಿಡುತ್ತಿದ್ದವು. ಇಬ್ಬರೂ ಒಂದೇ ಸೈನಿಕ ಕೂಟದವರು! 1976ರಲ್ಲಿ ಬ್ರಿಟನ್ ಸೋಲೊಪ್ಪಿತು. ಹಲ್, ಗ್ರಿಮ್ಸ್‌ಬಿ ಎಂಬ ಬಂದರು ಊರುಗಳಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ಅದೇ 1976ರಲ್ಲಿ ಭಾರತವೂ ತನ್ನ ಕಾಯ್ದೆ ಮಾಡಿ 200 ನಾವಿಕ ಮೈಲಿ, ಅಂದರೆ ಸುಮಾರು 370 ಕಿ.ಮೀ.ವರೆಗಿನ ಸಮುದ್ರ ಸಂಪತ್ತು ತನ್ನದು ಎಂದಿತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಇದನ್ನೇ ಜಗತ್ತಿಗೆಲ್ಲ ನಿಯಮ ಮಾಡಿತು. ಎಲ್ಲರದ್ದು ಎನ್ನುತ್ತಿದ್ದ ಸಮುದ್ರದ ದೊಡ್ಡ ಭಾಗ ಹೀಗೆ ಖಾತೆಯಾಯಿತು.

ಖಾತೆಯಾದ ಮೇಲೆ ಸಿಕ್ಕಿಬೀಳುವವರು ಯಾರು? ಭಾರತ ಮತ್ತು ಪಾಕಿಸ್ತಾನ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ಕ್ಕೆ ತಮ್ಮ ಜೈಲಿನಲ್ಲಿರುವ ಪರಸ್ಪರರ ಕೈದಿಗಳ ಪಟ್ಟಿ ಕೊಟ್ಟುಕೊಳ್ಳುತ್ತವೆ. ಆ ಪಟ್ಟಿಯಲ್ಲಿ ಮೀನುಗಾರರಿಗೇ ಪ್ರತ್ಯೇಕ ಲೆಕ್ಕ ಇರುತ್ತದೆ. ಗುಜರಾತಿನ ಕಚ್ಛ್ ಪಕ್ಕದ ಸರ್ ಕ್ರೀಕ್ ಎಂಬ 96 ಕಿ.ಮೀ. ಉದ್ದದ ಕೆಸರು ಅಳಿವೆಯ ಗಡಿ ಇನ್ನೂ ಇತ್ಯರ್ಥವಾಗಿಲ್ಲ, ಹಾಗಾಗಿ ಅದರ ಮುಂದಿನ ಸಮುದ್ರದ ಗಡಿಯೂ ಇಲ್ಲ. ಇಲ್ಲದ ಗಡಿ ದಾಟಿದ್ದಕ್ಕೆ ಜೈಲು! ನಮ್ಮ ಪಕ್ಕದ ಜಿಲ್ಲೆಯವರೂ ಇಂಥದ್ದನ್ನು ಅನುಭವಿಸಿದ್ದಾರೆ. 2018ರಲ್ಲಿ ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಮೀನುಗಾರರು ದುಬೈ ಮಾಲೀಕರ ಬೋಟ್‌ನಲ್ಲಿ ದುಡಿಯಲು ಹೋಗಿದ್ದಾಗ, ಇರಾನಿನ ಜಲಗಡಿ ದಾಟಿದರೆಂದು ಇರಾನ್ ಅವರನ್ನು ಹಿಡಿಯಿತು. ಬೋಟ್ ಒಂದು ದೇಶದ್ದು, ನೀರು ಇನ್ನೊಂದು ದೇಶದ್ದು, ಒಳಗೆ ಕೂತವರು ಮೂರನೆಯ ದೇಶದ ಕೂಲಿಯವರು. ತಿಂಗಳುಗಟ್ಟಲೆ ಅಲ್ಲೇ ಇದ್ದು ಆಮೇಲೆ ಊರಿಗೆ ಬಂದರು. ಬೋಟಿನ ದಾರಿ ನಿರ್ಧರಿಸುವುದು ತಾಂಡೇಲ, ತಾಂಡೇಲನಿಗೆ ಮೀನು ತಂದೇ ಬಾ ಎನ್ನುವುದು ಮಾಲೀಕ. ಬಲೆ ಎಳೆಯುವವನನ್ನು ಯಾರೂ ಕೇಳುವುದಿಲ್ಲ, ಆದರೆ ಕೈಗೆ ಬೇಡಿ ಬೀಳುವಾಗ ಅವನೂ ಸಾಲಿನಲ್ಲಿರುತ್ತಾನೆ.

ಈಗ ಗೋವಾಕ್ಕೆ ವಾಪಸ್ ಬರೋಣ. ಪಾಕ್ ಕೊಲ್ಲಿಯ ಕಥೆಯಲ್ಲಿ ನಮ್ಮ ಕನಿಕರ ಸಹಜವಾಗಿ ಈಚೆ ದಡದವರ ಮೇಲಿರುತ್ತದೆ. ನಮ್ಮ ಸಮುದ್ರದಲ್ಲಿ ಆ ಟ್ರಾಲರ್‌ನವರ ಜಾಗದಲ್ಲಿ ಇರುವವರು ಯಾರು ಎಂದು ಕೇಳಿದರೆ ಉತ್ತರ ಸ್ವಲ್ಪ ಚುಚ್ಚುತ್ತದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲವಣದಲ್ಲಿ ಮೀನುಗಾರರು ‘ಮಲ್ಪೆಯ ಹೈಸ್ಪೀಡ್ ಟ್ರಾಲರ್’ ಎಂದರೆ ಸಿಡಿದೇಳುತ್ತಾರೆ. ಗೋವಾದವರೂ ಅದೇ ದೂರು ಹೇಳುತ್ತಾರೆ. ಮಲ್ಪೆ, ಮಂಗಳೂರಿನ ದೊಡ್ಡ ಬೋಟ್‌ಗಳು ದಡದ ಹತ್ತಿರ ಬಂದು, ಎರಡು ಬೋಟ್ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮಾಡುತ್ತವೆ, ರಾತ್ರಿ ದೊಡ್ಡ ದೀಪ ಹಾಕಿ ಮೀನು ಸೆಳೆಯುತ್ತವೆ ಎಂದು. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ಎರಡನ್ನೂ ನಿಷೇಧಿಸಿತು. ಕಾರವಾರದ ಪಾತಿ ದೋಣಿಯವರೂ ಬೆಳಕು ಮೀನುಗಾರಿಕೆ ವಿರುದ್ಧ ಧರಣಿ ಕೂತಿದ್ದಾರೆ, ಅಂದರೆ ಈ ಜಗಳದಲ್ಲಿ ಕಾರವಾರದ ಸಣ್ಣವನು ಗೋವಾದ ಸಣ್ಣವನ ಪಕ್ಕಕ್ಕೇ ನಿಲ್ಲುತ್ತಾನೆ. ರಾಜ್ಯದ ಬಾವುಟ ಹಿಡಿದು ನೋಡಿದರೆ ಇದು ಕಾಣುವುದಿಲ್ಲ.

ದೊಡ್ಡ ಬೋಟಿನವರೆಲ್ಲ ಖಳರು ಎಂದೂ ನಾವು ಹೇಳುತ್ತಿಲ್ಲ. ದಡದ ಹತ್ತಿರ ಮೀನು ಕಡಿಮೆಯಾದಷ್ಟೂ ಬೋಟ್ ದೂರ ಹೋಗಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಏಳು ಜನರೊಂದಿಗೆ ಕಾಣೆಯಾಯಿತು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಹುಡುಕಾಟ ತಡವಾಯಿತೆಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿ ತಡೆದರು. ತಿಂಗಳುಗಳ ಮೇಲೆ, 2019ರ ಮೇ ಹೊತ್ತಿಗೆ, ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಅದೂ ಮಾಲವಣದ ಎದುರಿನ ಸಮುದ್ರದ ತಳದಲ್ಲಿ. ಮನೆಯವರಿಗೆ ಹೆಣವೂ ಸಿಗಲಿಲ್ಲ.

ಇನ್ನು ನವಲಗುಂದ, ಅಣ್ಣಿಗೇರಿಯವರ ವಿಷಯ. ಮಹದಾಯಿ ನಮ್ಮಲ್ಲಿ ಹುಟ್ಟಿ ಗೋವಾದಲ್ಲಿ ಮಾಂಡೋವಿಯಾಗಿ ಪಣಜಿ ಹತ್ತಿರ ಇದೇ ಅರಬ್ಬಿ ಸಮುದ್ರ ಸೇರುತ್ತದೆ. ಕಳಸಾ-ಬಂಡೂರಿಗಾಗಿ 2015ರಿಂದ ನರಗುಂದ, ನವಲಗುಂದದಲ್ಲಿ ಕೂತ ಧರಣಿ, 2016ರ ಜುಲೈನಲ್ಲಿ 7.56 ಟಿಎಂಸಿ ನೀರಿನ ಮಧ್ಯಂತರ ಅರ್ಜಿ ಬಿದ್ದಾಗ ಎದ್ದ ಸಿಟ್ಟು, ಯಮನೂರಿನಲ್ಲಿ ಪೊಲೀಸರ ಲಾಠಿ, ಇವನ್ನು ನಾವು ಹೊಸದಾಗಿ ಹೇಳಬೇಕಿಲ್ಲ. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ರಾಜಪತ್ರವೂ ಬಂತು. ನೀರು ಬಂದಿಲ್ಲ.

ಅಲ್ಲಿ ಗೋವಾ ಕೆಳಗಿನವರು, ನಾವು ಮೇಲಿನವರು. ನದಿಯ ಸಿಹಿನೀರು ಕಡಿಮೆಯಾದರೆ ಉಪ್ಪುನೀರು ಒಳನುಗ್ಗುತ್ತದೆ, ಕಾಡು-ಅಳಿವೆ ಕೆಡುತ್ತದೆ ಎಂಬುದು ಅವರ ವಾದ. ನಮಗೆ ಅದು ಕುಂಟು ನೆಪದಂತೆ ಕೇಳಿಸುತ್ತದೆ, ಏಕೆಂದರೆ ನಮ್ಮ ಕೊಡ ಖಾಲಿ ಇದೆ. ಆದರೆ ಅಳಿವೆಯಲ್ಲಿ ಮೀನು ಮರಿ ಮಾಡುತ್ತದೆ ಎಂಬುದು ನಿಜ. ಆ ಮೀನಿನ ಮೇಲೆ ಬದುಕುವವನು ಒಂದು ಕಡೆ ನಮ್ಮ ಟ್ರಾಲರ್ ನೋಡುತ್ತಾನೆ, ಇನ್ನೊಂದು ಕಡೆ ನಮ್ಮ ಕಾಲುವೆಯ ಸುದ್ದಿ ಕೇಳುತ್ತಾನೆ. ಅವನ ಹೆದರಿಕೆಯನ್ನು ಅರ್ಥ ಮಾಡಿಕೊಂಡರೆ ನಮ್ಮ ಕುಡಿಯುವ ನೀರಿನ ಹಕ್ಕೇನೂ ಸಣ್ಣದಾಗುವುದಿಲ್ಲ ಎಂದು ನಾವು ನಂಬುತ್ತೇವೆ. ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ದುಡಿಯುವ ನಮ್ಮ ಕಡೆಯ ಸಾವಿರಾರು ಮಂದಿಗೆ ಈ ಮಾತು ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಎರಡೂ ರಾಜ್ಯಗಳು ಕೂಗಾಡಿದ ದಿನ ಬಸ್ ನಿಂತು ಪರದಾಡುವವರು ಅವರೇ.

ಒಂದು ವಿಚಿತ್ರ ನೋಡ್ರಿ. ನದಿನೀರಿನ ಜಗಳಕ್ಕೆ 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ ಇದೆ, ನ್ಯಾಯಮಂಡಳಿ ಇದೆ. ತಡವಾದರೂ ತೀರ್ಪು ಬರುತ್ತದೆ. ದೇಶ-ದೇಶಗಳ ಸಮುದ್ರದ ಜಗಳಕ್ಕೂ ಅಂತರರಾಷ್ಟ್ರೀಯ ನ್ಯಾಯಮಂಡಳಿ ಇದೆ. ಭಾರತ-ಬಾಂಗ್ಲಾದೇಶದ ಬಂಗಾಳ ಕೊಲ್ಲಿಯ ಗಡಿ 2014ರ ಜುಲೈನಲ್ಲಿ ಅಲ್ಲೇ ಇತ್ಯರ್ಥವಾಯಿತು. ವಿವಾದದ ಸುಮಾರು 25,600 ಚದರ ಕಿ.ಮೀ.ನಲ್ಲಿ 19,467 ಬಾಂಗ್ಲಾಕ್ಕೆ ಹೋಯಿತು, ಭಾರತ ಒಪ್ಪಿಕೊಂಡಿತು. ಆದರೆ ಒಂದೇ ದೇಶದ ಎರಡು ರಾಜ್ಯಗಳ ಮೀನುಗಾರರು ಸಮುದ್ರದಲ್ಲಿ ಜಗಳವಾಡಿದರೆ ಅವರಿಗಾಗಿ ಅಂಥ ಮಂಡಳಿ ಇಲ್ಲ. ಬೋಟ್ ಹಿಡಿಯುತ್ತಾರೆ, ದಂಡ ಕಟ್ಟಿಸಿಕೊಳ್ಳುತ್ತಾರೆ, ಎರಡೂ ಕಡೆಯ ಶಾಸಕರು ಫೋನ್ ಮಾಡುತ್ತಾರೆ, ಬಿಡುತ್ತಾರೆ. ಮುಂದಿನ ಹಂಗಾಮಿಗೆ ಮತ್ತೆ ಅದೇ. ಮಳೆಗಾಲದಲ್ಲಿ ಯಂತ್ರದ ಬೋಟ್‌ಗಳಿಗೆ ರಜೆ ಎಂಬ ಒಂದು ಮಾತಿಗೆ ಪಶ್ಚಿಮ ಕರಾವಳಿಯ ರಾಜ್ಯಗಳೆಲ್ಲ ಒಪ್ಪಿ ನಡೆದುಕೊಳ್ಳಲು ಸಾಧ್ಯವಾಗಿದೆ. ಬಲೆ ಯಾವುದು, ಎಂಜಿನ್ ಎಷ್ಟು ಎಂಬುದರ ಮೇಲೂ ಹಾಗೆ ಕೂತು ಮಾತಾಡುವುದು ಆಗದ ಕೆಲಸವೇನಲ್ಲ.

ಅಂಜುದೀವ್ ಈಗ ಏನಾಗಿದೆ ಎಂದು ಕೇಳುವಿರಿ. ಅದು ಈಗಲೂ ನಕಾಶೆಯಲ್ಲಿ ಗೋವಾದ ಕಾಣಕೋಣ ತಾಲೂಕಿನದು. ಆದರೆ ಕಾರವಾರದ ಸೀಬರ್ಡ್ ನೌಕಾನೆಲೆಯ ಭಾಗವಾಗಿ, ಕಲ್ಲಿನ ತಡೆಗೋಡೆಯ ಮೂಲಕ ನಮ್ಮ ದಡಕ್ಕೆ ಸೇರಿಕೊಂಡಿದೆ. ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಅದು ಕೆಲಸ ಶುರು ಮಾಡಿತು. ಆ ದಡದ ಮೀನುಗಾರ ಊರುಗಳು ಎತ್ತಂಗಡಿಯಾದವು, ಸುತ್ತಲಿನ ನೀರಿನಲ್ಲಿ ಬಲೆ ಬಿಡುವಂತಿಲ್ಲ. ನಡುಗಡ್ಡೆಯ ಮೇಲೆ ಹಳೆಯ ಇಗರ್ಜಿ ಒಂದಿದೆ. ಪ್ರತಿ ಫೆಬ್ರುವರಿಯಲ್ಲಿ ಗೋವಾದ ಭಕ್ತರು ದೋಣಿ ಕಟ್ಟಿಕೊಂಡು ಅಲ್ಲಿನ ಹಬ್ಬಕ್ಕೆ ಬರುತ್ತಿದ್ದರು. ನೌಕಾನೆಲೆ ಬಂದ ಮೇಲೆ ಭದ್ರತೆಯ ಕಾರಣಕ್ಕೆ ಅದು ನಿಂತಿತು. ಶ್ರೀಲಂಕಾದ ಪಾಲಾದ ಕಚ್ಚತೀವಿನ ಅಂತೋನಿ ಹಬ್ಬಕ್ಕೆ ಮಾತ್ರ ರಾಮೇಶ್ವರದಿಂದ ಬೋಟ್‌ಗಳು ಹೋಗುತ್ತವೆ. ಅಲ್ಲಿ ಎರಡೂ ದಡದ ಮೀನುಗಾರರು ಒಟ್ಟಿಗೆ ಮೊಣಕಾಲೂರುತ್ತಾರೆ. 2024ರಲ್ಲಿ ಹಾಗಾಗಲಿಲ್ಲ. ಶ್ರೀಲಂಕಾ ಜೈಲಿಗೆ ಹಾಕಿದ ತಮ್ಮವರನ್ನು ಬಿಡಲಿಲ್ಲವೆಂದು ರಾಮೇಶ್ವರದ ಮೀನುಗಾರರು ಆ ವರ್ಷ ಹಬ್ಬಕ್ಕೆ ಹೋಗಲಿಲ್ಲ.